ಚಪ್ಪಲಿ ಎಣಿಸುವ ಎಂ.ಡಿ.

ಹುಲ್ಲಹಳ್ಳಿ ಬಸ್ ನಿಲ್ದಾಣದ ಪಕ್ಕದಲ್ಲಿ ಎರಡೇ ಕಂಪ್ಯೂಟರಿರುವ ಅಂಗಡಿಗೆ ಗುರುಮಲ್ಲಪ್ಪನವರು ಮಾಲೀಕರಲ್ಲ, ಎಂ.ಡಿ.; ಬಾಯಿತಪ್ಪಿ 'ಮಾಲೀಕ್ರೇ' ಎಂದವರಿಗೆ ಪಹಣಿಯ ಪ್ರಿಂಟು ತಡವಾಗುತ್ತದೆ. ಕೆಲಸಕ್ಕಿರುವ ಇಂದ್ರಾಣಿ ಒಬ್ಬಳೇ ಅವರ 'ಟೀಮು', ಅವಳು ಕಸ ಗುಡಿಸಿದರೆ ಅದು 'ಆಪರೇಷನ್ಸು'. ಕಂಪ್ಯೂಟರಿಗೆ ಧೂಳು ಆಗದೆಂದು ಗಿರಾಕಿಗಳು ಚಪ್ಪಲಿಯನ್ನು ಹೊರಗೇ ಬಿಡುವುದು ಅಲ್ಲಿಯ ರೂಢಿ. ಆದ್ದರಿಂದ ದಿನಾ ಹನ್ನೊಂದಕ್ಕೆ ಅವರು ಹೊಸ್ತಿಲಲ್ಲಿ ನಿಂತು ತಮ್ಮ ಬಾಗಿಲಿನ ಜೋಡುಗಳನ್ನೂ ರಸ್ತೆಯಾಚೆ ಸಿದ್ಧಾರ್ಥನ ಕಂಪ್ಯೂಟರ್ ಅಂಗಡಿಯ ಮುಂದಿನ ಜೋಡುಗಳನ್ನೂ ಎಣಿಸಿ, ಗೋಡೆಯ ಬೋರ್ಡಿನ ಮೇಲೆ 'ಮಾರ್ಕೆಟ್ ಶೇರ್' ಬರೆಸುತ್ತಾರೆ. "ನೋಡ್ತಿರು, ಒಂದಿನ ಅವನ ಕಡೆ ಸೊನ್ನೆ ಬರಸ್ತೀನಿ" ಎಂಬುದೇ ಎಂಟು ವರ್ಷದ ಸ್ಟ್ರಾಟಜಿ. ಮೊನ್ನೆ ಸೋಮವಾರ ಸೊನ್ನೆ ಬಂದೇಬಿಟ್ಟಿತು. ಸಿದ್ಧಾರ್ಥ ಏಣಿ ಹತ್ತಿ ತನ್ನ ಅಂಗಡಿಯ ಬೋರ್ಡು ಬಿಚ್ಚುತ್ತಿದ್ದ. "ಎಲ್ರೂ ಫೋನಲ್ಲೇ ಮಾಡ್ಕೋತಾವ್ರೆ ಗುರುಮಲ್ಲಣ್ಣ, ನಾನು ಮುಚ್ಬುಡ್ತೀನಿ. ಇನ್ನು ಊರೆಲ್ಲ ನಿಮ್ದೇ" ಎಂದ. ಗುರುಮಲ್ಲಪ್ಪನವರಿಗೆ ಗರ ಬಡಿದಂತಾಯಿತು. "ಸಾ, ನಮ್ಗೆ ನೂರು ಪರ್ಸೆಂಟ್ ಬರೀಲಾ?" ಎಂದು ಇಂದ್ರಾಣಿ ಕೇಳಿದಳು. ಅವರು ತಮ್ಮ ಬಾಗಿಲು ನೋಡಿದರು. ತಮ್ಮದೂ ಅವಳದೂ ಬಿಟ್ಟರೆ ಅಲ್ಲಿಯೂ ಒಂದು ಜೋಡೂ ಇರಲಿಲ್ಲ. ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದರು. "ಇಳಿಯಪ್ಪ ಕೆಳಕ್ಕೆ. ನೀನಿಲ್ದೆ ನಾನು ಯಾರ್ ಮೇಲೆ ಪ್ಲಾನ್ ಮಾಡ್ಲಿ? ನನ್ ಪಹಣಿ ಒಂದು ತೆಗ್ದುಕೊಡು" ಎಂದು ಅವನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಲ್ಲಿಂದಲೇ ಕೂಗಿದರು: "ಇಂದ್ರಾಣೀ, ಇವನ ಕಡೆ ಒಂದು, ನಮ್ಮ ಕಡೆ ಸೊನ್ನೆ ಬರ್ಕೊಳಮ್ಮ!"