ಕಬ್ಬಿಣದ ಹೆಂಗಸಿನ ಪಕ್ಕ

ಹೆಂಡತಿ ತೀರಿಕೊಂಡ ಮೇಲೆ ನಾನು ಫೋಟೋಗೆ ಕೂತಿರಲಿಲ್ಲ. ಕೂರಿಸಿದ್ದು ಹಲಸೂರಿಗೆ ಅಂತ ನನ್ನ ಆಟೋ ಹತ್ತಿದ ಒಬ್ಬ ಹೆಣ್ಣುಮಗಳು. ಅವಳದು ಮೊಬೈಲಲ್ಲಿ ಹುಡುಕಾಟದ ಆಟ. ನಿಧಿ ಗಿಧಿ ಏನೂ ಇರಲ್ಲ. ಫೋನು ಒಂದು ಜಾಗ ತೋರಿಸುತ್ತೆ. ಅಲ್ಲಿರೋ ಬೊಂಬೆ ಹುಡುಕಿ, ಅದರ ಜೊತೆ ಫೋಟೋ ತೆಗೆಸಿಕೊಂಡರೆ ಗೆದ್ದಂಗೆ.

ಫೋನು ತೋರಿಸಿದ ಪಾರ್ಕಿನಲ್ಲಿ ನಾನೂ ಅವಳ ಜೊತೆ ಹುಡುಕಿದೆ. ಮೂಲೇಲಿ ಅದು ನನ್ನ ಕಣ್ಣಿಗೇ ಮೊದಲು ಬಿತ್ತು. ಕಲ್ಲುಬೆಂಚಿನ ಮೇಲೆ ಕೂತ ಕಬ್ಬಿಣದ ಹೆಂಗಸು. ಸೈಕಲ್ ಚೈನಿನ ಜಡೆ, ಬೇರಿಂಗಿನ ಓಲೆ.

“ಕಂಡುಹಿಡಿದೋರು ನೀವು. ನೀವೇ ಕೂತ್ಕೊಳ್ಳಿ ಅಣ್ಣಾ,” ಅಂದಳು.

ಕೂತೆ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟೆ. ಮದುವೆ ಫೋಟೋದಲ್ಲೂ ಹಂಗೇ ಕೂತಿದ್ದೆ.

“ಇಬ್ರೂ ಬರ್ತಿಲ್ಲ ಅಣ್ಣಾ, ಹತ್ರ ಹೋಗಿ!”

ಗೇಟಿನ ಹತ್ತಿರ ಹೂ ಕಟ್ಟುತ್ತಿದ್ದ ಅಜ್ಜಿ ಕೂಗಿದಳು: “ಹೋಗಪ್ಪಾ, ಅವಳೇನೂ ಎದ್ದು ಹೋಗಲ್ಲ!”

ನಗು ಬಂದುಬಿಟ್ಟಿತು, ಎಷ್ಟು ಕಾಲಕ್ಕೋ. ನಗುತ್ತಲೇ ಸರಿದೆ. ಫೋಟೋ ಬಿತ್ತು. “ಗೆದ್ವಿ!” ಅಂತ ಅವಳು ಕುಣಿದಳು.

ಅಜ್ಜಿ ಹತ್ತಿರ ಒಂದು ಮೊಳ ಮಲ್ಲಿಗೆ ತಗೊಂಡೆ. “ಬೆಂಚಿನ ಮೇಲಿರೋಳಿಗಾ?” ಅಂತ ಕಿಚಾಯಿಸಿದಳು. ಮನೆಗೆ ಬಂದು ನನ್ನವಳ ಫೋಟೋಗೆ ಹಾಕಿ, ನಡೆದದ್ದೆಲ್ಲ ನಾನೇ ಹೇಳಿಬಿಟ್ಟೆ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ.