ಏಳು ನಿಂಬೆಹಣ್ಣು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಎಂಪಿ ಸಾಹೇಬರ ದನಿಯಲ್ಲಿ ಫೋನ್ ಮಾಡಿದ ಕತ್ತೆ ನಾನು. ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಉರುಳುವ ಆ ದನಿಯನ್ನು ಅವರಿಗಿಂತ ಚೆನ್ನಾಗಿ ಆಡುತ್ತಿದ್ದೆ. ಅಣಕಿಸಲಾಗದೆ ಉಳಿದದ್ದು ಅವರ ಜುಬ್ಬಾದ ಜೇಬುಗಳು. ನಮ್ಮ ಕಡೆ ದೊಡ್ಡವರನ್ನು ಕಾಣಲು ಬರಿಗೈಲಿ ಹೋಗುವುದಿಲ್ಲ, ನಿಂಬೆಹಣ್ಣು ಕೊಡುತ್ತೇವೆ. ಸಾಹೇಬರು ಒಂದನ್ನೂ ಬಿಸಾಡದೆ ಜೇಬಿಗಿಳಿಸಿ, ಎರಡೂ ಕಡೆ ಉಬ್ಬಿಕೊಂಡೇ ನಡೆಯುತ್ತಿದ್ದರು.

ಆಂಧ್ರದ ಗಡಿಯ ಹಿಂದೂಪುರದಲ್ಲಿ ಅವರ ಮನೆ, ದಿಲ್ಲಿಯಲ್ಲಿ ರಾಜ್ಯಸಭೆ. ದೇಶದ ಇಂಟರ್ನೆಟ್ ನೀತಿ ಬರೆಯುವ ಸಮಿತಿಯಲ್ಲಿ ಅವರೂ ಇದ್ದಾರೆಂದು ಪೇಪರಿನಲ್ಲಿ ಬಂದಾಗ ನಾನು ನಂಬಲಿಲ್ಲ. ಇಮೇಲ್ ತೆರೆಯಲು ಪಿಎ ಬೇಕಾದವರು ನೀತಿ ಬರೆಯುತ್ತಾರಾ? ಯಾವುದೋ ಕಂಪನಿಗೆ ದಾರಿ ಮಾಡಿಕೊಡುತ್ತಿರಬೇಕು ಅಂದುಕೊಂಡೆ.

ಆಗ ನಾನೂ ಅಕ್ಕನೂ ಕಲ್ಯಾಣದುರ್ಗದಲ್ಲಿ ಇಂಟರ್ನೆಟ್ ಸೆಂಟರ್ ಇಟ್ಟಿದ್ದೆವು. ಲೈನ್ ಗಳಿಗೆಗೊಮ್ಮೆ ಕಡಿಯುತ್ತಿತ್ತು. ಹೀಗೇ ಆದರೆ ಬಾಗಿಲು ಹಾಕುವುದೇ ಎಂದಿದ್ದಳು ಅಕ್ಕ. ಅಷ್ಟರಲ್ಲಿ, ಸಣ್ಣ ಊರುಗಳ ಲೈನ್ ಪರೀಕ್ಷಿಸಲು ಸಾಹೇಬರು ನಮ್ಮ ಸೆಂಟರಿಗೇ ಬರುತ್ತಾರೆಂದು ತಿಳಿಯಿತು. ಅವರಿಂದ ಏನಾದರೂ ಆದೀತೆಂಬ ನಂಬಿಕೆ ನನಗಿರಲಿಲ್ಲ. ಅವರ ದನಿಯಿಂದ ಆದೀತು ಅನ್ನಿಸಿತು. ಹಿಂದಿನ ದಿನ ಲೈನಿನ ಕಂಟ್ರಾಕ್ಟರಿಗೆ ಫೋನ್ ಹಚ್ಚಿ ಗದರಿದೆ: "ಏಮಯ್ಯಾ, ನಾಳೆ ನಾನು ಬತ್ತೀನಿ. ಲೈನು ಸರಿಗಿರ್ಬೇಕು. ತೆಲಿಸಿಂದಾ, ತಿಳೀತಾ?"

ಸಂಜೆಯೊಳಗೆ ಹೊಸ ವೈರು!

ಮರುದಿನ ಸಾಹೇಬರು ಕೂತದ್ದೇ ತಡ, ಪುಟ ಪಟಕ್ಕನೆ ತೆರೆಯಿತು. ಅವರು ಪರದೆಗಿಂತ ಹೆಚ್ಚಾಗಿ ನನ್ನ ಮುಖ ನೋಡಿದರು.

"ಇಲ್ಲೇನೂ ತೊಂದ್ರೆ ಇಲ್ಲ ಅಂತ ಬರೀಬೇಕಾಯ್ತದೆ ಕಣಮ್ಮ," ಎಂದರು ಅಕ್ಕನಿಗೆ. "ಕಷ್ಟ ಇರೋ ಊರಿಗೆ ಮಾತ್ರ ಕೇಬಲ್ಲು ಕೇಳ್ತಿರೋದು ನಾವು."

ಅಕ್ಕ ನನ್ನ ಕಾಲು ತುಳಿದಳು. ಅವರ ಕಾರು ಊರು ದಾಟಿತೋ ಇಲ್ಲವೋ, ಕಂಟ್ರಾಕ್ಟರ್ ಬಂದು ವೈರು ಬಿಚ್ಚಿಕೊಂಡು ಹೋದ.

ವಾರದ ಮೇಲೆ ಸಾಹೇಬರು ಹೇಳದೆ ಕೇಳದೆ ಬಸ್ಸಿನಲ್ಲಿ ಬಂದಿಳಿದರು, ಒಬ್ಬರೇ. "ಹತ್ತನೇ ಕ್ಲಾಸಿನ ರಿಸಲ್ಟ್ ತೆಗಿಯಪ್ಪಾ," ಎಂದು ಕೂತರು. ಲೈನ್ ಕಡಿದಾಗಲೆಲ್ಲ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಮೇಜಿನ ಮೇಲಿಟ್ಟರು. ಏಳು ಹಣ್ಣು ಸಾಲಾದರೂ ಪುಟ ಅರ್ಧವೇ ಬಂದಿತ್ತು.

"ಅವತ್ತು ಓಡ್ತಿದ್ದಿದ್ದು ಇವತ್ತು ಯಾಕೆ ಕುಂತ್ಕೊಂತು?"

"ಹೇಳ್ಲಾ, ನಿನ್ನ ಘನಕಾರ್ಯನಾ," ಎಂದಳು ಅಕ್ಕ.

ಹೇಳಿದೆ. ಅವರು ನಗಲಿಲ್ಲ. "ಎಲ್ಲಿ, ಆ ದನಿ ಮಾಡು." ಅವರೆದುರೇ ಅವರಾದೆ. ಅವರು ಟಿಪ್ಪಣಿ ಪುಸ್ತಕ ತೆಗೆದು, ತೊಂದರೆ ಇಲ್ಲ ಎಂದು ಬರೆದಿದ್ದ ಹಳೆಯ ಸಾಲು ಹೊಡೆದುಹಾಕಿ, ಹಣ್ಣುಗಳನ್ನು ಎಣಿಸಿ ಬರೆದುಕೊಂಡರು.

ಎರಡು ವರ್ಷದ ಮೇಲೆ ಕೇಬಲ್ ಬಂತು. ಅಕ್ಕನ ಸೆಂಟರ್ ಉಳಿಯಿತು. ಅದು ಅವರಿಂದಲೇ ಬಂತೋ, ಬರಬೇಕಾಗಿದ್ದೇ ಬಂತೋ ಎಂಬ ನನ್ನ ಅನುಮಾನ ಇನ್ನೂ ಹೋಗಿಲ್ಲ. ಕೇಳೋಣವೆಂದರೆ ಅವರೇ ಹೋಗಿಬಿಟ್ಟರು. ಆದರೆ ಅವತ್ತಿನಿಂದ ಅವರ ದನಿ ನನ್ನ ಬಾಯಲ್ಲಿ ಮತ್ತೆ ಬರಲಿಲ್ಲ. ಆ ದಿನ ಪುಸ್ತಕ ಮುಚ್ಚಿ ಅವರು ಅಂದಿದ್ದು ಇಷ್ಟು:

"ದಿಲ್ಲೀಲಿ ಮೂರು ವರ್ಷದಿಂದ ಗಂಟಲು ಹರ್ಕೊಂತಿದೀನಿ, ಒಂದು ವೈರೂ ಅಲ್ಲಾಡ್ಲಿಲ್ಲ. ನೀನು ಒಂದೇ ಫೋನಲ್ಲಿ ಎಳಿಸ್ಬುಟ್ಟೆ. ಮುಂದಿನ ಮೀಟಿಂಗಿಗೆ ನೀನೇ ಹೋಗ್ಲಾ, ನಾನು ಇಲ್ಲಿ ಸೆಂಟರ್ ನೋಡ್ಕೊಂತೀನಿ."