ಗಂಟಲಿಗೆ ಸಿಕ್ಕಿದ ಬೋಂಡ

ಕಾಮಸಮುದ್ರದ ಹತ್ತಿರದ ಹಳ್ಳಿಯೊಂದರ ಹಾಲಿನ ಡೈರಿಗೆ ಪ್ರಥಮ ಚಿಕಿತ್ಸೆ ಕಲಿಸಲು ಹೋಗಿದ್ದೆ. ತಿಂದದ್ದು ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಒಂದು ಗಂಟೆ ಕೊರೆದೆ. ಇಪ್ಪತ್ತು ಜನ ಶ್ರದ್ಧೆಯಿಂದ ಬರೆದುಕೊಂಡರು. ಆಮೇಲೆ ಬೋಂಡ ಬಂತು. ಮೊದಲ ತುಂಡೇ ನನ್ನ ಗಂಟಲಿಗೆ ಬಿರಡೆಯಂತೆ ಕೂತಿತು.

ಮಾತು ಹೊರಡಲಿಲ್ಲ, ಉಸಿರೂ ಆಡಲಿಲ್ಲ. ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡೆ. ಪಾಠದಲ್ಲೂ ಹಾಗೆಯೇ ನಟಿಸಿ ತೋರಿಸಿದ್ದರಿಂದ ಎಲ್ಲರೂ ಮೆಚ್ಚುಗೆಯಿಂದ ನೋಡುತ್ತಾ ಕೂತರು.

"ಮೇಷ್ಟ್ರು ಇನ್ನೊಂದ್ಸಲ ಮಾಡಿ ತೋರಿಸ್ತಾವ್ರೆ, ಸರಿಯಾಗಿ ನೋಡ್ಕೊಳ್ರಪ್ಪ" ಎಂದರು ಡೈರಿಯ ಕಾರ್ಯದರ್ಶಿ. ನನಗೆ ಕಣ್ಣು ಕತ್ತಲಿಟ್ಟಿತು.

ಹೊರಗೆ ಕ್ಯಾನು ತೊಳೆಯುತ್ತಿದ್ದ ಮುನೆಮ್ಮ ಕಿಟಕಿಯಿಂದ ನನ್ನ ಮುಖ ನೋಡಿ, ಒದ್ದೆ ಕೈಯಲ್ಲೇ ಓಡಿಬಂದರು. "ನಾಟ್ಕ ಅಲ್ಲ ಕಣ್ರಪ್ಪ, ತುಟಿ ನೀಲಿಯಾಗೈತೆ. ಬಗ್ಗು ಸಾಮಿ" ಎಂದು ಎದೆಗೆ ಒಂದು ಕೈ ಆನಿಸಿ ನನ್ನನ್ನು ಮುಂದಕ್ಕೆ ಬಗ್ಗಿಸಿದರು. ಇನ್ನೊಂದು ಅಂಗೈಯ ಬುಡದಿಂದ ಬೆನ್ನಿನ ಮೇಲೆ, ಎರಡು ಹೆಗಲಿನ ನಡುವೆ, ಬಲವಾಗಿ ಗುದ್ದಿದರು. ನಾಲ್ಕನೆಯ ಗುದ್ದಿಗೆ ಬೋಂಡ ಹಾರಿ ಕಾರ್ಯದರ್ಶಿಯ ನೋಟ್ಸಿನ ಮೇಲೆ ಬಿತ್ತು.

ಉಸಿರು ಬಂದ ಮೇಲೆ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ.

"ನಮ್ಮೆಜಮಾನ್ರು ಇಂಗೇ ಬಾಡಿನ ತುಂಡು ಸಿಕ್ಕಾಕ್ಕೊಂಡು ಓಗ್ಬಿಟ್ರು. ಆಮ್ಯಾಕೆ ನರ್ಸಮ್ಮ ತೋರ್ಸ್ಕೊಟ್ಳು" ಎಂದು ಮುನೆಮ್ಮ ಕ್ಯಾನಿನ ಕಡೆಗೆ ನಡೆದರು.

ಸಂಜೆ ಆ ಇಪ್ಪತ್ತು ಜನರಿಗೂ ಪ್ರಮಾಣಪತ್ರ ಕೊಟ್ಟೆವು. ಮುನೆಮ್ಮನಿಗೂ ಒಂದು ಕೊಡೋಣ ಎಂದೆ.

"ಅದೆಂಗಾಯ್ತದೆ ಸಾರ್? ಅವ್ರು ಪಾಠಕ್ಕೇ ಕೂತಿರ್ಲಿಲ್ಲ" ಎಂದರು ಕಾರ್ಯದರ್ಶಿ.

ಅದೂ ನಿಜವೇ. ಕೂತಿದ್ದರೆ ಅವರೂ ನೋಡುತ್ತಲೇ ಕೂತಿರುತ್ತಿದ್ದರು.